ಥರ್ಮೋಸ್ಟಾಟ್ ಬ್ಯಾಟರಿ ನಾಲ್ಕೈದು ದಿನಕ್ಕೊಮ್ಮೆ ಖಾಲಿ, ನಡುರಾತ್ರಿ ಎಸಿ ಬಂದ್. ಯಾರಿಗಾದರೂ ಹೀಗೆ ಆಗಿದೆಯಾ?

ಕದ್ರಿ ಗುಡ್ಡೆ
ಶನಿವಾರ, ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಉಂಟು. ಅರ್ಧ ಹೇಳಿದರೆ ಯಾರಿಗೂ ಅಂದಾಜು ಸಿಗಲಿಕ್ಕಿಲ್ಲ, ಹಾಗಾಗಿ ಮೊದಲಿನಿಂದ ಬರೆಯುತ್ತೇನೆ.

ನಮ್ಮದು ಮಂಗಳೂರಿನ ಕದ್ರಿಯಲ್ಲಿ ಹಳೆಯ ಕೆಂಪು ಕಲ್ಲಿನ ಮನೆ. ಹಿಂದುಗಡೆ ಹೊಸದಾಗಿ ಎರಡು ಕೋಣೆ, ಒಂದು ಹಾಲ್ ಕಟ್ಟಿಸಿದ್ದೇವೆ. ಆ ಭಾಗಕ್ಕೆ ಒಂದೇ ಡಕ್ಟ್ ಎಸಿ, ಅಂದರೆ ಸೀಲಿಂಗ್‌ನಲ್ಲಿರುವ ಒಂದು ಯೂನಿಟ್‌ನಿಂದ ಕೊಳವೆಗಳಲ್ಲಿ ಎಲ್ಲ ಕಡೆಗೆ ತಣ್ಣನೆ ಗಾಳಿ. ಮಾವನಿಗೆ 78 ವರ್ಷ, ಉಸಿರಾಟದ ತೊಂದರೆ ಇದೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಎಸಿ ಇಲ್ಲದೆ ಅವರಿಗೆ ರಾತ್ರಿ ನಿದ್ದೆಯೇ ಇಲ್ಲ. ಗಂಡ ಮಸ್ಕತ್‌ನಲ್ಲಿ, ಮೈದುನ ಅಮೆರಿಕದಲ್ಲಿ. ಮೈದುನ ಎರಡು ವರ್ಷದ ಹಿಂದೆ ಬಂದಾಗ ಒಂದು ಸ್ಮಾರ್ಟ್ ಥರ್ಮೋಸ್ಟಾಟ್ (ಕೋಣೆಯ ಬಿಸಿ ನೋಡಿ ಎಸಿಯನ್ನು ಓಡಿಸುವ, ನಿಲ್ಲಿಸುವ ಸಾಮಾನು) ತಂದು ಗೋಡೆಗೆ ಹಾಕಿಸಿ ಹೋದ. ಅಪ್ಪನ ಕೋಣೆ ಎಷ್ಟು ಬಿಸಿಯಾಗಿದೆ ಎಂದು ಇಬ್ಬರೂ ಅಲ್ಲಿಂದಲೇ ಫೋನ್‌ನಲ್ಲಿ ನೋಡಬಹುದು. ನನಗೂ ಅದರಿಂದ ದೊಡ್ಡ ಧೈರ್ಯ ಇತ್ತು.

ಮೊದಲ ವರ್ಷ ಏನೂ ತೊಂದರೆ ಇರಲಿಲ್ಲ. ಈ ಸಲ ಏಪ್ರಿಲ್ ಕೊನೆಯಿಂದ ಶುರುವಾಯಿತು. ಮೊದಲು ಬ್ಯಾಟರಿ ಕಡಿಮೆ ಎಂದು ತೋರಿಸುತ್ತದೆ, ಆಮೇಲೆ ವೈಫೈ ಬಿಟ್ಟುಹೋಗುತ್ತದೆ, ಕೊನೆಗೆ ಬೆಳಗಿನ ಜಾವ ಪರದೆ ಪೂರ್ತಿ ಕಪ್ಪು. ಎಸಿ ಬಂದ್. ಬ್ಯಾಟರಿ ಅದರ ಒಳಗೇ ಇದೆ, ತೆಗೆದು ಬದಲಿಸುವಂಥದ್ದಲ್ಲ. ಗೋಡೆಯಿಂದ ಕಳಚಿ, ಹಿಂದೆ ಇರುವ ಯುಎಸ್‌ಬಿ ಕಿಂಡಿಗೆ ಮೊಬೈಲ್ ಚಾರ್ಜರ್ ಹಾಕಿ ಎರಡು ಗಂಟೆ ಇಟ್ಟರೆ ಮತ್ತೆ ಜೀವ ಬರುತ್ತದೆ. ನಾಲ್ಕೈದು ದಿನ ಕಳೆದ ಮೇಲೆ ಅದೇ ಕಥೆ.

ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ವೋಲ್ಟೇಜ್ ತೋರಿಸುವ ಜಾಗ ಉಂಟು. ಎಂಟು ದಿನದಿಂದ ಬರೆದಿಟ್ಟಿದ್ದೇನೆ. ಚಾರ್ಜ್ ಮಾಡಿದ ದಿನ 3.9. ಮರುದಿನ ಬೆಳಿಗ್ಗೆ 3.8. ಆಮೇಲೆ 3.7. 3.6ಕ್ಕಿಂತ ಕೆಳಗೆ ಹೋಯಿತೆಂದರೆ ವೈಫೈ ಇಲ್ಲ. ಹಗಲು ಸ್ವಲ್ಪ ಏರುತ್ತದೆ, ಆದರೆ ರಾತ್ರಿ ಏರಿದ್ದಕ್ಕಿಂತ ಜಾಸ್ತಿ ಇಳಿಯುತ್ತದೆ.

ಎಸಿಯವರನ್ನು ಎರಡು ಸಲ ಕರೆಸಿದೆ. ಇಬ್ಬರು ಬಂದರು, ಇಬ್ಬರೂ ಹೇಳಿದ್ದು ಒಂದೇ, ಥರ್ಮೋಸ್ಟಾಟ್ ಹಾಳಾಗಿದೆ, ಬೇರೆ ಹಾಕಿ ಅಂತ. ಅವರು ಬರುವುದು ಹಗಲು, ಹಗಲಿನಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ. ಮೈದುನ ಹೊಸದು ಕಳಿಸುತ್ತೇನೆ ಎನ್ನುತ್ತಾನೆ. ಹೊಸದು ಬಂದರೂ ಹೀಗೆಯೇ ಆದರೆ ಏನು ಮಾಡುವುದು? ಗೋಡೆಯಲ್ಲಿ ನಾಲ್ಕು ವೈರ್ ಬಂದಿದೆ, ಆರ್, ವೈ, ಜಿ, ಸಿ ಎಂದು ಗುರುತು ಇದೆ. ನಾಲ್ಕೂ ಸಿಕ್ಕಿಸಿದೆ. ನನಗೆ ಎಲೆಕ್ಟ್ರಿಕಲ್ ಜಾಸ್ತಿ ಗೊತ್ತಿಲ್ಲ, ಆದರೆ ಹೇಳಿದರೆ ಮಾಡುತ್ತೇನೆ. ಮನೆಯಲ್ಲಿ ಮಲ್ಟಿಮೀಟರ್ ಉಂಟು.

ಬಿಜೈ ಹುಡುಗ

ಅಕ್ಕ, ಮೊದಲು ಎರಡು ಸಣ್ಣ ವಿಷಯ ನೋಡಿ.

ಒಂದು, ವೈಫೈ. ಕೆಂಪು ಕಲ್ಲಿನ ಗೋಡೆ ದಪ್ಪ ಇರುತ್ತದೆ. ರೂಟರ್ ಹಳೆಯ ಮನೆಯ ಚಾವಡಿಯಲ್ಲಿದ್ದು ಥರ್ಮೋಸ್ಟಾಟ್ ಹಿಂದಿನ ಹಾಲ್‌ನಲ್ಲಿದ್ದರೆ ಸಿಗ್ನಲ್ ಎರಡು ಮೂರು ಗೋಡೆ ದಾಟಬೇಕು. ಸಿಗ್ನಲ್ ಕಡಿಮೆಯಾದರೆ ಇವು ಮತ್ತೆ ಮತ್ತೆ ಹುಡುಕುತ್ತಲೇ ಇರುತ್ತವೆ, ಅದಕ್ಕೇ ಬ್ಯಾಟರಿ ಹೋಗುತ್ತದೆ. ನಮ್ಮ ಮನೆಯ ಬಾಗಿಲ ಕ್ಯಾಮೆರಾಕ್ಕೆ ಹೀಗೇ ಆಗಿತ್ತು. ರೂಟರ್ ಅದರ ಹತ್ತಿರದ ಕೋಣೆಗೆ ತಂದಿಟ್ಟದ್ದಕ್ಕೆ ಸರಿಯಾಯಿತು.

ಎರಡು, ಸಾಫ್ಟ್‌ವೇರ್ ಅಪ್‌ಡೇಟ್. 2016ರ ಜನವರಿಯಲ್ಲಿ ಅಮೆರಿಕದಲ್ಲಿ ನೆಸ್ಟ್ ಕಂಪನಿಯ ಥರ್ಮೋಸ್ಟಾಟ್‌ಗಳಿಗೆ ಒಂದು ಅಪ್‌ಡೇಟ್‌ನಿಂದಲೇ ಬ್ಯಾಟರಿ ಖಾಲಿಯಾಗಿ, ಒಳ್ಳೆ ಚಳಿಯಲ್ಲಿ ಎಷ್ಟೋ ಮನೆಗಳ ಹೀಟರ್ ನಿಂತುಹೋಗಿತ್ತು. ಪತ್ರಿಕೆಗಳಲ್ಲೆಲ್ಲ ಬಂದಿತ್ತು. ನಿಮ್ಮದು ಯಾವ ಕಂಪನಿಯದ್ದೋ ಗೊತ್ತಿಲ್ಲ, ಆದರೆ ಹೊಸ ಅಪ್‌ಡೇಟ್ ಬಂದಿದೆಯಾ ನೋಡಿ. ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಸುರತ್ಕಲ್ ಎಲೆಕ್ಟ್ರಿಕಲ್

ಮೇಡಂ, ನೀವು ವೋಲ್ಟೇಜ್ ಬರೆದಿಟ್ಟದ್ದು ತುಂಬಾ ಒಳ್ಳೆಯದಾಯಿತು. ಅದರಿಂದಲೇ ಅರ್ಧ ವಿಷಯ ಗೊತ್ತಾಗುತ್ತದೆ.

ಈ ಥರ್ಮೋಸ್ಟಾಟ್‌ನ ಒಳಗಿನ ಬ್ಯಾಟರಿ ಅದನ್ನು ದಿನವಿಡೀ ನಡೆಸಲಿಕ್ಕೆ ಇರುವುದಲ್ಲ. ಕರೆಂಟ್ ಇಲ್ಲದ ಹೊತ್ತಿಗೆ ಆಸರೆ, ಅಷ್ಟೆ. ಸಾಮಾನ್ಯ ದಿನ ಅದು ನಡೆಯುವುದು ಎಸಿಯ ಒಳಗಿರುವ ಸಣ್ಣ ಟ್ರಾನ್ಸ್‌ಫಾರ್ಮರ್‌ನಿಂದ. ಆ ಟ್ರಾನ್ಸ್‌ಫಾರ್ಮರ್ ಮನೆಯ 230 ವೋಲ್ಟ್ ಅನ್ನು 24 ವೋಲ್ಟ್‌ಗೆ ಇಳಿಸುತ್ತದೆ. ಆರ್ ವೈರ್‌ನಲ್ಲಿ ಆ 24 ವೋಲ್ಟ್ ಬರುತ್ತದೆ. ವೈ ಕಂಪ್ರೆಸರ್‌ಗೆ, ಜಿ ಫ್ಯಾನ್‌ಗೆ. ಸಿ ಎಂದರೆ ವಾಪಸು ಹೋಗುವ ದಾರಿ. ಆರ್ ಮತ್ತು ಸಿ ಎರಡೂ ಸರಿಯಾಗಿದ್ದರೆ ಬ್ಯಾಟರಿ ಯಾವಾಗಲೂ ತುಂಬಿಯೇ ಇರಬೇಕು. ವೈಫೈ ಎಷ್ಟು ಹುಡುಕಿದರೂ ಪರವಾಗಿಲ್ಲ. ಬಿಜೈಯವರು ಹೇಳಿದ್ದು ಬರೀ ಸೆಲ್‌ನಲ್ಲಿ ಓಡುವ ಸಾಮಾನಿಗೆ ಸರಿ, ಇದಕ್ಕೆ ಅದೇ ಕಾರಣ ಇರಲಿಕ್ಕಿಲ್ಲ.

ಸಿ ವೈರ್ ಇಲ್ಲದ ಮನೆಗಳಲ್ಲಿ ಥರ್ಮೋಸ್ಟಾಟ್ ವೈ ವೈರ್‌ನಿಂದಲೇ ಸ್ವಲ್ಪ ಸ್ವಲ್ಪ ಕರೆಂಟ್ ಎಳೆದುಕೊಳ್ಳುತ್ತದೆ. ಎಸಿ ಓಡುತ್ತಿರುವಾಗ ಅದೂ ಸರಿಯಾಗಿ ಸಿಗುವುದಿಲ್ಲ. ನಮ್ಮ ಊರಿನ ಸೆಕೆಗೆ ಎಸಿ ನಿಲ್ಲದೆ ಓಡುತ್ತದೆ ಅಲ್ವಾ, ಹಾಗಾಗಿ ಇಲ್ಲಿ ಸಿ ವೈರ್ ಬೇಕೇ ಬೇಕು. ಎಷ್ಟೋ ಕಡೆ ನೋಡಿದ್ದೇನೆ, ಗೋಡೆಯ ಕಡೆ ಸಿ ವೈರ್ ಸಿಕ್ಕಿಸಿರುತ್ತಾರೆ, ಎಸಿಯ ಕಡೆ ಅದನ್ನು ಮಡಚಿ ಹಾಗೇ ಬಿಟ್ಟಿರುತ್ತಾರೆ. ನೋಡುವವರಿಗೆ ಇದ್ದ ಹಾಗೆ ಕಾಣುತ್ತದೆ, ಕೆಲಸಕ್ಕೆ ಇಲ್ಲ.

ಹೀಗೆ ಮಾಡಿ. ಥರ್ಮೋಸ್ಟಾಟ್ ಅನ್ನು ಗೋಡೆಯಿಂದ ಕಳಚಿ, ವೈರ್ ಸಿಕ್ಕಿಸಿದ ಪ್ಲೇಟ್ ಅಲ್ಲೇ ಇರಲಿ. ಮಲ್ಟಿಮೀಟರ್ ಅನ್ನು ಎಸಿ ವೋಲ್ಟೇಜ್‌ಗೆ ಇಡಿ, ಡಿಸಿಗೆ ಅಲ್ಲ (ಇಲ್ಲಿ ಎಸಿ ಎಂದರೆ ತಂಪು ಮಾಡುವ ಎಸಿ ಅಲ್ಲ, ಪರ್ಯಾಯ ವಿದ್ಯುತ್; ಡಿಸಿ ಎಂದರೆ ನೇರ ವಿದ್ಯುತ್). ಒಂದು ಕಡ್ಡಿ ಆರ್‌ಗೆ, ಇನ್ನೊಂದು ಸಿಗೆ ಮುಟ್ಟಿಸಿ. 24ರಿಂದ 28ರ ಒಳಗೆ ಬಂದರೆ ಸರಿ. ಇದನ್ನು ಹಗಲು ಒಮ್ಮೆ ನೋಡಿ, ಮುಖ್ಯವಾಗಿ ಎಸಿ ನಿಂತ ಹೊತ್ತಿಗೆ ರಾತ್ರಿ ಒಮ್ಮೆ ನೋಡಿ. ಇಷ್ಟು ಕಡಿಮೆ ವೋಲ್ಟ್‌ನಿಂದ ಏನೂ ಆಗುವುದಿಲ್ಲ, ಹೆದರಬೇಡಿ. ಆದರೆ ಸೀಲಿಂಗ್‌ನಲ್ಲಿರುವ ಯೂನಿಟ್ ಮುಚ್ಚಳ ಮಾತ್ರ ನೀವು ತೆಗೆಯಬೇಡಿ, ಅಲ್ಲಿ 230 ವೋಲ್ಟ್ ಉಂಟು.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಊರಿನ ಎಷ್ಟೋ ಡಕ್ಟ್ ಎಸಿಗಳಲ್ಲಿ ಥರ್ಮೋಸ್ಟಾಟ್‌ಗೆ ಬರುವ ಕಂಟ್ರೋಲ್ ಲೈನೇ 230 ವೋಲ್ಟ್ ಇರುತ್ತದೆ. ಅದಕ್ಕೆ ಅಮೆರಿಕದ ಥರ್ಮೋಸ್ಟಾಟ್ ಸಿಕ್ಕಿಸಿದರೆ ಆ ಕ್ಷಣವೇ ಸುಟ್ಟುಹೋಗುತ್ತದೆ. ಇವರ ಮನೆಯಲ್ಲಿ ಒಂದು ವರ್ಷ ಸರಿಯಾಗಿ ನಡೆದಿದೆ ಎಂದ ಮೇಲೆ 24 ವೋಲ್ಟೇ ಇರಬೇಕು.

ಕದ್ರಿ ಗುಡ್ಡೆ
ಭಾನುವಾರ, ಮಧ್ಯಾಹ್ನ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಪ್‌ಡೇಟ್ ಏನೂ ಬಾಕಿ ಇಲ್ಲ. ರೂಟರ್ ಹತ್ತಿರ ತಂದಿಟ್ಟೆ, ಸಿಗ್ನಲ್ ಚೆನ್ನಾಗಿಯೇ ಬಂತು, ಬ್ಯಾಟರಿ ಮಾತ್ರ ಇಳಿಯಿತು.

ಮೀಟರ್ ವಿಷಯ. ನಿನ್ನೆ ಸಂಜೆ 7 ಗಂಟೆಗೆ ಆರ್ ಮತ್ತು ಸಿ ನಡುವೆ 26.1 ಬಂತು. ಸರಿ ಇದೆ ಅಂತಾಯಿತಲ್ಲ. ರಾತ್ರಿ ಮಲಗದೆ ಕಾದೆ. 1.20ಕ್ಕೆ ಮಾವ ಕರೆದರು, "ಗಾಳಿ ನಿಂತಿತು ಮಗಳೇ" ಎಂದರು. ಅವರಿಗೆ ನಿದ್ದೆ ತೆಳು, ಡಕ್ಟ್‌ನ ಸದ್ದು ನಿಂತರೆ ಕೂಡಲೇ ಎಚ್ಚರವಾಗುತ್ತದೆ. ಹೋಗಿ ನೋಡಿದರೆ ಥರ್ಮೋಸ್ಟಾಟ್‌ನ ಪರದೆ ಚೆನ್ನಾಗಿಯೇ ಉರಿಯುತ್ತಿತ್ತು! 22 ಡಿಗ್ರಿಗೆ ಇಟ್ಟದ್ದು, ಕೋಣೆ 25, ಕೂಲಿಂಗ್ ಆನ್ ಎಂದೇ ತೋರಿಸುತ್ತಿತ್ತು. ಕಳಚಿ ಮೀಟರ್ ಇಟ್ಟೆ. ಸೊನ್ನೆ. ಮೂರು ಸಲ ನೋಡಿದೆ, ಮೂರು ಸಲವೂ ಸೊನ್ನೆ. ಮನೆಯಲ್ಲಿ ಕರೆಂಟ್ ಇತ್ತು, ಫ್ರಿಜ್ ಓಡುತ್ತಿತ್ತು. ಮೇನ್ ಬೋರ್ಡ್‌ನಲ್ಲಿ ಎಸಿಯ ಎಂಸಿಬಿ ಕೂಡ ಬಿದ್ದಿರಲಿಲ್ಲ.

ಮಾವನ ಮಂಚದ ಹತ್ತಿರ ಫ್ಯಾನ್ ಹಾಕಿ ಕುಳಿತೆ. ಪರದೆ ಕಪ್ಪಾದದ್ದು ಬೆಳಿಗ್ಗೆ 5 ಗಂಟೆಯ ಹೊತ್ತಿಗೆ. ಚಾರ್ಜ್ ಮಾಡಿ ಪುನಃ ಗೋಡೆಗೆ ಹಾಕಿದರೂ ಎಸಿ ಶುರುವಾಗಲಿಲ್ಲ. 11 ಗಂಟೆಗೆ ತನ್ನಷ್ಟಕ್ಕೆ ಗಾಳಿ ಬರಲಿಕ್ಕೆ ಶುರುವಾಯಿತು. ಆಗ ನೋಡಿದರೆ 26.

ಇದುವರೆಗೆ ಥರ್ಮೋಸ್ಟಾಟ್ ಸತ್ತದ್ದರಿಂದ ಎಸಿ ನಿಂತಿತು ಎಂದುಕೊಂಡಿದ್ದೆ. ಹಾಗಲ್ಲವಾ?

ಸುರತ್ಕಲ್ ಎಲೆಕ್ಟ್ರಿಕಲ್

ಹಾಗಲ್ಲ ಮೇಡಂ, ನೀವೇ ಕಂಡುಹಿಡಿದಿರಿ. ಮೊದಲು 24 ವೋಲ್ಟ್ ಹೋಗುತ್ತದೆ, ಅದರೊಂದಿಗೆ ಎಸಿ ನಿಲ್ಲುತ್ತದೆ, ಥರ್ಮೋಸ್ಟಾಟ್ ಅದರ ಮೇಲೆ ಮೂರು ನಾಲ್ಕು ಗಂಟೆ ಬ್ಯಾಟರಿಯಲ್ಲಿ ಉಸಿರು ಹಿಡಿದು ಕೊನೆಗೆ ಆರುತ್ತದೆ. ಹೊಸ ಥರ್ಮೋಸ್ಟಾಟ್ ತರಿಸಬೇಡಿ, ಅದಕ್ಕೂ ಇದೇ ಗತಿ.

ಇನ್ನು 24 ವೋಲ್ಟ್ ಯಾಕೆ ಹೋಗುತ್ತದೆ ಎನ್ನುವುದು. ಎಸಿಯ ಒಳಗಿನ ಕಂಟ್ರೋಲ್ ಬೋರ್ಡ್‌ನ ಮೇಲೆ ಕಾರಿನ ಫ್ಯೂಸ್‌ನ ಹಾಗೆ ಇರುವ ಸಣ್ಣ ಫ್ಯೂಸ್ ಉಂಟು, 3 ಅಥವಾ 5 ಆಂಪ್ಸ್. ಅದು ಹೋದರೆ ತನ್ನಷ್ಟಕ್ಕೆ ಸರಿಯಾಗುವುದಿಲ್ಲ, ಹಾಗಾಗಿ ಅದಲ್ಲ. ಟ್ರಾನ್ಸ್‌ಫಾರ್ಮರ್ ಬಿಸಿಯಾಗಿ ಕಟ್ ಆಗಿ, ತಣಿದ ಮೇಲೆ ಮತ್ತೆ ಬರುವುದು ಉಂಟು. ನನ್ನ ಅನುಮಾನ ಅದರ ಮೇಲೆ. ಎಸಿಯಲ್ಲೇ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಮಲ್ಪೆ ಕಡಲು

ಅಕ್ಕ, ನಾನು 18 ವರ್ಷ ದೋಹಾದಲ್ಲಿ ಎಸಿ ಮೆಂಟೆನೆನ್ಸ್ ಮಾಡಿ ಈಗ ಉಡುಪಿಯಲ್ಲಿದ್ದೇನೆ. ನಿಮ್ಮ ಬರಹ ಎರಡು ಸಲ ಓದಿದೆ. ಟ್ರಾನ್ಸ್‌ಫಾರ್ಮರ್ ಅಲ್ಲ ಎಂದು ನನಗೆ ಅನಿಸುತ್ತದೆ. ಬಿಸಿಗೆ ಕಟ್ ಆಗುವುದಾದರೆ ಮಧ್ಯಾಹ್ನ ಫಾಲ್ಸ್ ಸೀಲಿಂಗ್ ಕಾದ ಹೊತ್ತಿಗೆ ಆಗಬೇಕು, ರಾತ್ರಿ ಒಂದೂವರೆಗೆ ಅಲ್ಲ. ಮತ್ತೆ ತಣಿಯಲಿಕ್ಕೆ ಹತ್ತು ಗಂಟೆ ಯಾಕೆ ಬೇಕು?

ಹತ್ತು ಗಂಟೆ ಬೇಕಾಗುವುದು ನೀರು ಇಳಿಯಲಿಕ್ಕೆ.

ಎಸಿಯ ಒಳಗೆ ತಣ್ಣಗಿನ ಕಾಯಿಲ್, ಅಂದರೆ ಸುರುಳಿ ಕೊಳವೆ ಉಂಟು. ಗಾಳಿಯಲ್ಲಿರುವ ತೇವ ಅದಕ್ಕೆ ತಾಗಿ ನೀರಾಗಿ ಕೆಳಗಿನ ಟ್ರೇಗೆ ಬೀಳುತ್ತದೆ. ಟ್ರೇಯಿಂದ ಡ್ರೈನ್ ಪೈಪ್‌ನಲ್ಲಿ ಹೊರಗೆ. ಮಂಗಳೂರು, ಉಡುಪಿಯ ಗಾಳಿಯಲ್ಲಿ ಎಷ್ಟು ತೇವ ಉಂಟೆಂದು ನಿಮಗೆ ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ ಡಕ್ಟ್ ಎಸಿಯಿಂದ ಗಂಟೆಗೆ ಲೀಟರ್‌ಗಟ್ಟಲೆ ನೀರು ಬರುತ್ತದೆ. ಪೈಪ್‌ನಲ್ಲಿ ಲೋಳೆ, ಪಾಚಿ ಕಟ್ಟಿದರೆ ನೀರು ಹೋಗುವುದಕ್ಕಿಂತ ಬೇಗ ಟ್ರೇ ತುಂಬುತ್ತದೆ. ಸೀಲಿಂಗ್ ಮೇಲೆ ಸುರಿಯಬಾರದು ಎಂದು ಟ್ರೇಯಲ್ಲಿ ಒಂದು ಫ್ಲೋಟ್ ಸ್ವಿಚ್ ಇಟ್ಟಿರುತ್ತಾರೆ. ನೀರು ಏರಿದಾಗ ಸಣ್ಣ ಬುರುಡೆಯ ಹಾಗಿರುವ ತೇಲು ಮೇಲೆ ಬರುತ್ತದೆ, ಸ್ವಿಚ್ ಕಟ್ ಆಗುತ್ತದೆ, ಎಸಿ ನಿಲ್ಲುತ್ತದೆ. ನೀರು ಮೆಲ್ಲ ಇಳಿದ ಮೇಲೆ ಸ್ವಿಚ್ ಮತ್ತೆ ಸೇರುತ್ತದೆ. ಹಾಗಾಗಿಯೇ ನಿಮಗೆ 11 ಗಂಟೆಗೆ ತನ್ನಷ್ಟಕ್ಕೆ ಬಂದದ್ದು.

ಆ ಸ್ವಿಚ್ ಅನ್ನು ಕೆಲವರು ವೈ ವೈರ್‌ನ ನಡುವೆ ಹಾಕುತ್ತಾರೆ, ಕೆಲವರು ಆರ್‌ನ ನಡುವೆ. ಆರ್‌ನಲ್ಲಿ ಹಾಕಿದ್ದರೆ ಟ್ರೇ ತುಂಬಿದ ಕೂಡಲೇ ಕಂಪ್ರೆಸರ್, ಫ್ಯಾನ್, ಥರ್ಮೋಸ್ಟಾಟ್ ಮೂರಕ್ಕೂ ಕರೆಂಟ್ ಇಲ್ಲ. ಹಳೆಯ ಕಾಲದ ಥರ್ಮೋಸ್ಟಾಟ್ ಇದ್ದಿದ್ದರೆ ನಿಮಗೆ ಎಸಿ ನಿಂತದ್ದು ಮಾತ್ರ ಕಾಣುತ್ತಿತ್ತು. ಇದರಲ್ಲಿ ಬ್ಯಾಟರಿ ಇರುವುದರಿಂದ ಎಲ್ಲರೂ ಬ್ಯಾಟರಿಯ ಹಿಂದೆಯೇ ಬಿದ್ದರು. ರಾತ್ರಿ ಯಾಕೆಂದರೆ ನೀವು 22ಕ್ಕೆ ಇಟ್ಟು ಸಂಜೆಯಿಂದ ನಿಲ್ಲದೆ ಓಡಿಸುತ್ತೀರಿ, ಟ್ರೇ ತುಂಬಲಿಕ್ಕೆ ಅಷ್ಟು ಹೊತ್ತು ಬೇಕು.

ಏಣಿ ಹತ್ತದೆ ನೋಡುವ ದಾರಿ ಉಂಟು. ಎಸಿಯ ಡ್ರೈನ್ ಪೈಪ್ ಮನೆಯ ಹೊರಗೆ ಎಲ್ಲಿ ಮುಗಿಯುತ್ತದೆ ಎಂದು ಹುಡುಕಿ. ರಾತ್ರಿ ಎಸಿ ಎರಡು ಗಂಟೆ ಓಡಿದ ಮೇಲೆ ಟಾರ್ಚ್ ಹಿಡಿದು ಹೋಗಿ ಅದರ ಕೆಳಗೆ ಬಕೆಟ್ ಇಡಿ. ಧಾರೆಯ ಹಾಗೆ ನೀರು ಬರುತ್ತಿದ್ದರೆ ನಾನು ಹೇಳಿದ್ದು ತಪ್ಪು. ಹನಿ ಹನಿ ಮಾತ್ರ ಬಿದ್ದರೆ ನೀರು ಒಳಗೇ ನಿಂತಿದೆ.

ಫಳ್ನೀರ್ 77

ಇಷ್ಟಕ್ಕೆಲ್ಲ ಯಾಕೆ ತಲೆಬಿಸಿ? ಫ್ಲೋಟ್ ಸ್ವಿಚ್‌ನ ಎರಡು ವೈರ್ ಒಟ್ಟಿಗೆ ಸೇರಿಸಿ ಟೇಪ್ ಸುತ್ತಿಬಿಡಿ. ನಮ್ಮ ಆಫೀಸಿನಲ್ಲಿ ಹಾಗೇ ಮಾಡಿದ್ದಾರೆ, ಎಸಿ ಒಂದು ದಿನವೂ ನಿಂತಿಲ್ಲ.

ಮಲ್ಪೆ ಕಡಲು

ಅಣ್ಣ, ದಯವಿಟ್ಟು ಆ ಸಲಹೆ ಯಾರಿಗೂ ಕೊಡಬೇಡಿ. ಸ್ವಿಚ್ ತೆಗೆದರೆ ನೀರು ಎಲ್ಲಿಗೆ ಹೋಗುತ್ತದೆ? ಟ್ರೇ ತುಂಬಿ ಜಿಪ್ಸಮ್ ಸೀಲಿಂಗ್ ಮೇಲೆ. ಜಿಪ್ಸಮ್ ನೀರು ಕುಡಿದು ಭಾರವಾಗಿ ಒಂದು ದಿನ ಹಲಗೆಯೇ ಕೆಳಗೆ ಬೀಳುತ್ತದೆ. ಅಲ್ಲಿ ವಯಸ್ಸಾದವರು ಮಂಚದಲ್ಲಿ ಮಲಗಿದ್ದಾರೆ. ಮೇಲಿನಿಂದ ಲೈಟಿನ ವೈರ್‌ಗೂ ನೀರು ಇಳಿಯುತ್ತದೆ. ನಾನು ಇಂಥದ್ದನ್ನು ಕಣ್ಣಾರೆ ಕಂಡವನು. ನಿಮ್ಮ ಆಫೀಸಿನಲ್ಲೂ ಆ ಸ್ವಿಚ್ ಸರಿ ಮಾಡಿಸಿ, ಖರ್ಚು ಏನೂ ಜಾಸ್ತಿ ಆಗುವುದಿಲ್ಲ.

ಅಕ್ಕ, ಪೈಪ್ ಕ್ಲೀನ್ ಮಾಡಿಸುವಾಗ ಇನ್ನೊಂದು ಹೇಳಿ. ಪೈಪ್ ಟ್ರೇಯಿಂದ ಹೊರಗಿನವರೆಗೆ ಇಳಿಜಾರಾಗಿರಬೇಕು, ಒಂದು ಮೀಟರ್‌ಗೆ ಕಡಿಮೆ ಎಂದರೂ ಒಂದು ಸೆಂಟಿಮೀಟರ್. ನಡುವೆ ಜೋತುಬಿದ್ದರೆ ಅಲ್ಲಿ ನೀರು ನಿಂತು ಮತ್ತೆ ಲೋಳೆ ಕಟ್ಟುತ್ತದೆ. ಫ್ಲೋಟ್ ಸ್ವಿಚ್ ಅನ್ನು ಆರ್‌ನಿಂದ ತೆಗೆದು ವೈ ವೈರ್‌ಗೆ ಹಾಕಿಸಿ. ಆಗ ಟ್ರೇ ತುಂಬಿದರೆ ಕಂಪ್ರೆಸರ್ ನಿಲ್ಲುತ್ತದೆ, ಹೊಸ ನೀರು ಬೀಳುವುದಿಲ್ಲ, ಥರ್ಮೋಸ್ಟಾಟ್ ಮಾತ್ರ ಬದುಕಿರುತ್ತದೆ. ಮಸ್ಕತ್‌ನಲ್ಲಿರುವವರಿಗೆ ಕೋಣೆ ಬಿಸಿಯಾಗುತ್ತಿದೆ ಎಂದು ಫೋನ್‌ನಲ್ಲಿ ಗೊತ್ತಾಗುತ್ತದೆ. ಅದಕ್ಕೇ ಅಲ್ವಾ ಅದನ್ನು ಹಾಕಿಸಿದ್ದು.

ಕದ್ರಿ ಗುಡ್ಡೆ
ಮಂಗಳವಾರ, ರಾತ್ರಿ

ಮಲ್ಪೆಯವರೇ, ನೀವು ಹೇಳಿದ್ದು ನೂರಕ್ಕೆ ನೂರು ಸರಿ.

ಭಾನುವಾರ ರಾತ್ರಿ ಟಾರ್ಚ್ ಹಿಡಿದು ಮನೆಯ ಹಿಂದೆ ಹೋದೆ. ಪೈಪ್ ಬಾವಿಕಟ್ಟೆಯ ಹತ್ತಿರ ಕೆಸುವಿನ ಎಲೆಗಳ ನಡುವೆ ಮುಗಿಯುತ್ತದೆ, ಎರಡು ವರ್ಷದಿಂದ ಅದನ್ನು ನಾನು ನೋಡಿಯೇ ಇರಲಿಲ್ಲ. ಬಕೆಟ್ ಇಟ್ಟು ಅರ್ಧ ಗಂಟೆ ಕಾದರೆ ತಳ ಒದ್ದೆಯಾಯಿತು, ಅಷ್ಟೆ. ಪೈಪ್ ಬಾಯಿಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು! ಬಾಯಿ ಅರ್ಧಕ್ಕಿಂತ ಜಾಸ್ತಿ ಮುಚ್ಚಿಹೋಗಿತ್ತು. ಕಡ್ಡಿಯಿಂದ ಕೆರೆದು ತೆಗೆದೆ. ಸ್ವಲ್ಪ ಕಂದು ನೀರು ಬಂತು, ಆಮೇಲೆ ಮತ್ತೆ ಹನಿ ಹನಿ. ಒಳಗೂ ಕಟ್ಟಿದೆ ಎಂದು ಆಗಲೇ ಗೊತ್ತಾಯಿತು.

ಇವತ್ತು ಬೇರೆ ಎಸಿಯವರನ್ನು ಕರೆಸಿದೆ. ಬರುವ ಮೊದಲೇ ಫೋನ್‌ನಲ್ಲಿ ಹೇಳಿದೆ, ಥರ್ಮೋಸ್ಟಾಟ್ ನೋಡುವುದು ಬೇಡ, ಡ್ರೈನ್ ಮತ್ತು ಫ್ಲೋಟ್ ಸ್ವಿಚ್ ನೋಡಬೇಕು ಅಂತ. ಚಿಕ್ಕ ಪ್ರಾಯದ ಹುಡುಗ, ತಾಳ್ಮೆಯಿಂದ ಕೆಲಸ ಮಾಡಿದ. ಸೀಲಿಂಗ್‌ನ ಮುಚ್ಚಳ ತೆಗೆದು ನನ್ನನ್ನೂ ಏಣಿ ಹತ್ತಿಸಿ ತೋರಿಸಿದ. ಟ್ರೇ ಅಂಚಿನವರೆಗೆ ತುಂಬಿತ್ತು. ತೇಲು ಮೇಲೆ ಬಂದು ನಿಂತಿತ್ತು. ಸ್ವಿಚ್‌ನ ವೈರ್ ಹಿಡಿದು ಹೋದರೆ ಅದು ಆರ್‌ನಲ್ಲೇ ಇತ್ತು. ಪೈಪ್ ಎರಡು ಕ್ಲ್ಯಾಂಪ್‌ಗಳ ನಡುವೆ ಹಗ್ಗದ ಹಾಗೆ ಜೋತುಬಿದ್ದಿತ್ತು. ನಡುವಿನ ಕ್ಲ್ಯಾಂಪ್‌ನ ಸ್ಕ್ರೂ ತುಕ್ಕು ಹಿಡಿದು ತುಂಡಾಗಿತ್ತು. ಬ್ಲೋವರ್ ಇಟ್ಟು ಊದಿದಾಗ ಬಂದ ಲೋಳೆ ಅರ್ಧ ಚೊಂಬು ಇರಬಹುದು, ಗಂಜಿಯ ಹಾಗೆ ದಪ್ಪ, ಕೆಟ್ಟ ವಾಸನೆ. ಆಮೇಲೆ ಎರಡು ಬಕೆಟ್ ನೀರು ಬಿಟ್ಟು ನೋಡಿದ, ಸರಾಗ ಹೋಯಿತು. ಹೊಸ ಕ್ಲ್ಯಾಂಪ್ ಹೊಡೆದು ಇಳಿಜಾರು ಸರಿ ಮಾಡಿದ. ಸ್ವಿಚ್ ಅನ್ನು ವೈಗೆ ಬದಲಿಸಿದ. ತೇಲನ್ನು ಕೈಯಲ್ಲಿ ಎತ್ತಿ ತೋರಿಸಿದ. ಕಂಪ್ರೆಸರ್ ಇರುವ ಹೊರಗಿನ ಯೂನಿಟ್ ನಿಂತಿತು, ಥರ್ಮೋಸ್ಟಾಟ್‌ನಲ್ಲಿ 26 ವೋಲ್ಟ್ ಹಾಗೇ ಇತ್ತು.

ಪೈಪ್ ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಲಾ? ಹುಳ ಮತ್ತೆ ಗೂಡು ಕಟ್ಟಬಹುದು ಎಂದು ಹೆದರಿಕೆ. ಇನ್ನೊಂದು ಪ್ರಶ್ನೆ. ಮಳೆ ಶುರುವಾದರೆ ನಮ್ಮಲ್ಲಿ ಕರೆಂಟ್ ಹೋಗುವುದು ಜಾಸ್ತಿ. ಮನೆಗೆ ಇನ್ವರ್ಟರ್ ಉಂಟು, ಎಸಿ ಅದರಲ್ಲಿ ಇಲ್ಲ. ಆ ಸಣ್ಣ ಟ್ರಾನ್ಸ್‌ಫಾರ್ಮರ್ ಒಂದನ್ನು ಮಾತ್ರ ಇನ್ವರ್ಟರ್‌ಗೆ ಕೊಡಬಹುದಾ?

ಮಲ್ಪೆ ಕಡಲು

ಓದಿ ತುಂಬಾ ಖುಷಿಯಾಯಿತು ಅಕ್ಕ. ಮಾವನವರಿಗೆ ಇನ್ನು ನೆಮ್ಮದಿಯ ನಿದ್ದೆ ಬರಲಿ.

ಸೊಳ್ಳೆ ಪರದೆ ಬೇಡ, ಅದರ ಕಣ್ಣು ತುಂಬಾ ಸಣ್ಣದು, ಎರಡು ವಾರದಲ್ಲಿ ಲೋಳೆಯಿಂದ ಮುಚ್ಚಿಹೋಗುತ್ತದೆ. ದೊಡ್ಡ ಕಣ್ಣಿನ ಜಾಲರಿ ಹಾಕಿ, ಇಲ್ಲದಿದ್ದರೆ ಹಾಗೇ ಬಿಟ್ಟು ವಾರಕ್ಕೊಮ್ಮೆ ಕಣ್ಣು ಹಾಯಿಸಿ. ನೀರು ಸರಿಯಾಗಿ ಹರಿಯುತ್ತಿರುವ ಪೈಪ್‌ನಲ್ಲಿ ಹುಳ ಗೂಡು ಕಟ್ಟುವುದಿಲ್ಲ, ಒಣಗಿದ್ದರಲ್ಲಿ ಮಾತ್ರ ಕಟ್ಟುತ್ತದೆ. ಚಳಿಗಾಲದಲ್ಲಿ ನೀವು ಎಸಿ ಹಾಕದೆ ಇದ್ದಾಗ ಕಟ್ಟಿರಬೇಕು. ಮಾರ್ಚ್‌ನಲ್ಲಿ ಎಸಿ ಶುರು ಮಾಡುವ ಮೊದಲು ನೋಡಿಕೊಳ್ಳಿ.

ಸೆಕೆಗಾಲದಲ್ಲಿ ತಿಂಗಳಿಗೊಮ್ಮೆ ಎಸಿ ಆಫ್ ಮಾಡಿ, ಟ್ರೇಯ ಕಡೆಯಿಂದ ಡ್ರೈನ್‌ನ ಬಾಯಿಗೆ ಒಂದು ಕಪ್ ಬಿಳಿ ವಿನೆಗರ್ ಹಾಕಿಸಿ, ಅರ್ಧ ಗಂಟೆ ಬಿಟ್ಟು ನೀರು ಬಿಡಿ. ಲೋಳೆ ಬೇಗ ಕಟ್ಟುವುದಿಲ್ಲ. ಬ್ಲೀಚ್ ಹಾಕುವವರಿದ್ದಾರೆ, ಅದು ಕಾಯಿಲ್‌ನ ಲೋಹಕ್ಕೆ ಒಳ್ಳೆಯದಲ್ಲ. ವಿನೆಗರ್ ಮತ್ತು ಬ್ಲೀಚ್ ಒಟ್ಟಿಗೆ ಹಾಕಲೇಬೇಡಿ, ಅದರಿಂದ ಕ್ಲೋರಿನ್ ಗಾಳಿ ಬರುತ್ತದೆ, ಉಸಿರಾಟದ ತೊಂದರೆ ಇರುವವರ ಮನೆಯಲ್ಲಿ ಅದು ದೊಡ್ಡ ಅಪಾಯ.

ಮತ್ತೆ ಥರ್ಮೋಸ್ಟಾಟ್ ಹಿಂದೆ ಗೋಡೆಯಲ್ಲಿ ವೈರ್ ಬರುವ ತೂತು ಉಂಟಲ್ಲ, ಅದನ್ನು ಪುಟ್ಟಿಯಿಂದ ಮುಚ್ಚಿ. ಸೀಲಿಂಗ್‌ನ ಬಿಸಿ ಗಾಳಿ ಆ ವೈರಿನ ಪೈಪ್‌ನಲ್ಲಿ ಇಳಿದು ಥರ್ಮೋಸ್ಟಾಟ್‌ನ ಬೆನ್ನಿಗೆ ತಾಗಿದರೆ ಅದು ಕೋಣೆಯೇ ಬಿಸಿ ಎಂದುಕೊಂಡು ಎಸಿಯನ್ನು ಸುಮ್ನೆ ಓಡಿಸುತ್ತದೆ. 22 ಕೂಡ ಸ್ವಲ್ಪ ಕಡಿಮೆ ಆಯಿತು. 25ಕ್ಕೆ ಇಟ್ಟು ಫ್ಯಾನ್ ಮೆಲ್ಲ ಹಾಕಿ ನೋಡಿ, ಮಾವನವರಿಗೆ ಸರಿ ಬಂದರೆ ಹಾಗೇ ಇರಲಿ.

ಸುರತ್ಕಲ್ ಎಲೆಕ್ಟ್ರಿಕಲ್

ನನ್ನ ಟ್ರಾನ್ಸ್‌ಫಾರ್ಮರ್ ಊಹೆ ತಪ್ಪಾಗಿತ್ತು, ಮಲ್ಪೆಯವರು ಸರಿಯಾಗಿ ಹಿಡಿದರು.

ಇನ್ವರ್ಟರ್ ವಿಷಯ. ಮಾಡಬೇಡಿ ಮೇಡಂ. ಒಂದೇ ಯೂನಿಟ್‌ನ ಒಳಗೆ ಮೇನ್ಸ್‌ನ ಕರೆಂಟ್ ಒಂದು ಕಡೆ, ಇನ್ವರ್ಟರ್‌ನದ್ದು ಇನ್ನೊಂದು ಕಡೆ ಬಂದರೆ ರಿಪೇರಿಗೆ ಬಂದವರಿಗೆ ಅಪಾಯ. ಎಂಸಿಬಿ ಇಳಿಸಿ ಕರೆಂಟ್ ಇಲ್ಲ ಎಂದುಕೊಂಡು ಆ ಹುಡುಗ ಕೈ ಹಾಕುತ್ತಾನೆ, ಒಳಗೆ 230 ವೋಲ್ಟ್ ಇದ್ದೇ ಇರುತ್ತದೆ. ಬ್ಯಾಟರಿ ತುಂಬಿದ್ದರೆ ಕೆಲವು ಗಂಟೆ ಕರೆಂಟ್ ಇಲ್ಲದಿದ್ದರೂ ಥರ್ಮೋಸ್ಟಾಟ್‌ಗೆ ಏನೂ ಆಗುವುದಿಲ್ಲ, ಕರೆಂಟ್ ಬಂದ ಮೇಲೆ ತುಂಬಿಕೊಳ್ಳುತ್ತದೆ. ರೂಟರ್ ಮಾತ್ರ ಇನ್ವರ್ಟರ್‌ನಲ್ಲಿ ಇರಲಿ, ಅದು ಸಾಕು. ಬ್ಯಾಟರಿ ಎಷ್ಟೋ ಸಲ ಪೂರ್ತಿ ಖಾಲಿಯಾದದ್ದರಿಂದ ಸ್ವಲ್ಪ ಸವೆದಿರಬಹುದು. ಇನ್ನೂ ಹತ್ತು ದಿನ ವೋಲ್ಟೇಜ್ ಬರೆಯಿರಿ.

ಮಣಿಪಾಲ ಫ್ಲಾಟ್

ಇದೇ ವಿಷಯ ನಡೆಯುತ್ತಿರುವುದರಿಂದ ಕೇಳುತ್ತೇನೆ. ನಮ್ಮ ಫ್ಲಾಟ್‌ನಲ್ಲಿ ಇರುವ ಥರ್ಮೋಸ್ಟಾಟ್‌ಗೆ ಎರಡು ಎಎಎ ಸೆಲ್ ಹಾಕಬೇಕು. ಮೂರು ವಾರಕ್ಕೊಮ್ಮೆ ಹೋಗುತ್ತದೆ. ಖರ್ಚು ಉಳಿಯಲಿ ಎಂದು ರೀಚಾರ್ಜ್ ಮಾಡುವ ಸೆಲ್ ಹಾಕಿದೆ, ಅದನ್ನು ಹಾಕಿದ ಮೊದಲ ದಿನವೇ ಬ್ಯಾಟರಿ ಕಡಿಮೆ ಎಂದಿತು. ಸೆಲ್ ಕೂರುವ ಜಾಗದಲ್ಲಿ ಹಸಿರು ಬಿಳಿ ಪುಡಿ ಕಾಣುತ್ತದೆ.

ಸುರತ್ಕಲ್ ಎಲೆಕ್ಟ್ರಿಕಲ್

ರೀಚಾರ್ಜ್ ಸೆಲ್ 1.2 ವೋಲ್ಟ್, ಮಾಮೂಲಿ ಆಲ್ಕಲೈನ್ ಸೆಲ್ 1.5. ಎರಡು ಸೇರಿದರೆ 2.4, ಇರಬೇಕಾದದ್ದು 3. ಹಾಗಾಗಿ ತುಂಬಿದ್ದರೂ ಅದಕ್ಕೆ ಖಾಲಿಯಾದ ಹಾಗೆ ಕಾಣುತ್ತದೆ. ಒಳ್ಳೆಯ ಆಲ್ಕಲೈನ್ ಹಾಕಿ, ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಬೇಡ, ಹಳೆಯದು ಹೊಸದು ಜೊತೆ ಮಾಡಬೇಡಿ.

ಬಿಳಿ ಪುಡಿ ಸೆಲ್ ಸೋರಿದ್ದು, ಹಸಿರು ಕಿಲುಬು. ಸೆಲ್ ತೆಗೆದು, ಹತ್ತಿಗೆ ಸ್ವಲ್ಪ ವಿನೆಗರ್ ಅಥವಾ ಲಿಂಬೆ ರಸ ತಾಗಿಸಿ ಒರೆಸಿ. ಆಮೇಲೆ ಒದ್ದೆ ಹತ್ತಿ, ಆಮೇಲೆ ಒಣ ಬಟ್ಟೆ. ಪೂರ್ತಿ ಒಣಗಿದ ಮೇಲೆಯೇ ಸೆಲ್ ಹಾಕಿ. ನಿಮ್ಮ ಎಸಿಯಲ್ಲೂ 24 ವೋಲ್ಟ್ ಮತ್ತು ಸಿ ವೈರ್ ಇದ್ದರೆ ಅದನ್ನೇ ಸಿಕ್ಕಿಸಿ, ಸೆಲ್ ತಿಂಗಳುಗಟ್ಟಲೆ ಬರುತ್ತದೆ. ಆದರೆ ಮೊದಲು ಮೀಟರ್ ಇಟ್ಟು ಎಷ್ಟು ವೋಲ್ಟ್ ಎಂದು ಗೊತ್ತಿರುವವರಿಂದ ನೋಡಿಸಿ. ಸಿ ವೈರ್ ಇಲ್ಲವೆಂದು ಅಮೆರಿಕದಿಂದ 24 ವೋಲ್ಟ್‌ನ ಪ್ಲಗ್ ಅಡಾಪ್ಟರ್ ತರಿಸಬೇಡಿ, ಅದು 120 ವೋಲ್ಟ್‌ಗೆ ಮಾಡಿದ್ದು, ನಮ್ಮ ಸಾಕೆಟ್‌ನಲ್ಲಿ ಸುಡುತ್ತದೆ. ಎಲ್‌ಇಡಿ ಪಟ್ಟಿಗೆ ಸಿಗುವ 24 ವೋಲ್ಟ್ ಅಡಾಪ್ಟರ್ ಡಿಸಿ, ಅದೂ ಆಗುವುದಿಲ್ಲ.

ಕದ್ರಿ ಗುಡ್ಡೆ
ಹನ್ನೆರಡು ದಿನದ ಮೇಲೆ

ವೋಲ್ಟೇಜ್ ಬರೆಯಿರಿ ಎಂದದ್ದು ಮರೆತಿಲ್ಲ. ಹನ್ನೆರಡು ದಿನದಲ್ಲಿ ಬ್ಯಾಟರಿ ಒಮ್ಮೆಯೂ 3.8ಕ್ಕಿಂತ ಕೆಳಗೆ ಬರಲಿಲ್ಲ. ಮೊನ್ನೆ ಗುಡುಗು ಮಳೆಗೆ ಸಂಜೆ ನಾಲ್ಕು ಗಂಟೆ ಹೊತ್ತು ಕರೆಂಟ್ ಇರಲಿಲ್ಲ, ಆಗ 3.81 ಆಯಿತು, ಬೆಳಿಗ್ಗೆ ನೋಡಿದರೆ ಪುನಃ 3.9. ತೂತಿಗೆ ಪುಟ್ಟಿ ಹಾಕಿದೆ. 25ಕ್ಕೆ ಇಟ್ಟಿದ್ದೇವೆ, ಮಾವ ಮೊದಲ ರಾತ್ರಿ ಸ್ವಲ್ಪ ಗೊಣಗಿದರು, ಈಗ ಅಭ್ಯಾಸವಾಗಿದೆ. ಮೈದುನನಿಗೆ ಹೊಸದು ಕಳಿಸುವುದು ಬೇಡ ಎಂದೆ.

ಪೈಪ್‌ನ ಬಾಯಿಯ ಕೆಳಗೆ ಈಗ ಬಕೆಟ್ ಇಡುತ್ತೇನೆ. ರಾತ್ರಿ ಕಳೆದು ಬೆಳಿಗ್ಗೆಯಾಗುವಾಗ ತುಂಬಿ ಹರಿದಿರುತ್ತದೆ. ಆ ನೀರನ್ನು ತುಳಸಿಗೆ, ಮಲ್ಲಿಗೆ ಗಿಡಕ್ಕೆ ಹಾಕುತ್ತಿದ್ದೇನೆ. ಗಿಡಕ್ಕೆ ಅದರಿಂದ ಏನೂ ತೊಂದರೆ ಇಲ್ಲ ಅಲ್ವಾ ಮಲ್ಪೆಯವರೇ?

ಮಲ್ಪೆ ಕಡಲು

ಗಿಡಕ್ಕೆ ಹಾಕಿ ಅಕ್ಕ, ಏನೂ ತೊಂದರೆ ಇಲ್ಲ. ಕುಡಿಯಲಿಕ್ಕೆ ಮಾತ್ರ ಬೇಡ, ಮತ್ತೆ ವಿನೆಗರ್ ಹಾಕಿದ ದಿನದ ನೀರು ಚೆಲ್ಲಿಬಿಡಿ.